ಮೋಟಾರಿಗೆ ಉಬ್ಬಸ ಬಂದರೆ

ಗುರುಗ್ರಾಮವನ್ನು ಸೀಳಿಕೊಂಡು ಹೋಗುವ ಹೆದ್ದಾರಿಯು ನಮ್ಮವರ ಪಾಲಿಗೆ ಬರಿಯ ಹೆದ್ದಾರಿಯಲ್ಲ. ೪೮ನೆಯ ಸಂಖ್ಯೆಯ ಈ ರಾಷ್ಟ್ರೀಯ ಹೆದ್ದಾರಿಯು ದಿಲ್ಲಿಯಿಂದ ಹೊರಟು ಗುರುಗ್ರಾಮ, ಮಾನೇಸರಗಳನ್ನು ದಾಟಿ, ಜಯಪುರ, ಉದಯಪುರ, ಅಹಮದಾಬಾದು, ಮುಂಬಯಿ, ಪುಣೆಗಳ ಮೇಲಿಂದ ಬಂದು, ನಿಪ್ಪಾಣಿಯ ಬಳಿ ಕನ್ನಡ ನಾಡನ್ನು ಹೊಗುತ್ತದೆ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರುಗಳನ್ನು ಮುಟ್ಟಿ ಬೆಂಗಳೂರನ್ನು ಸೇರುವುದೂ ಇದೇ ದಾರಿ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲೆಳೆದು ಹೊರಗೆ ಬಂದು ನಿಂತ ನಮ್ಮ ಹುಡುಗನೊಬ್ಬನು ಈ ದಾರಿಯತ್ತ ನೋಡಿ, ಇದೇ ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದರೆ ಊರು ಬಂದೀತಲ್ಲವೇ ಎಂದು ನಮ್ಮನ್ನು ಕೇಳಿದ್ದುಂಟು. ಬಂದೇ ಬರುತ್ತದೆ, ವಾಹನವು ಒಯ್ದರೆ.

ಒಯ್ಯದೆ ಹೋದ ವಾಹನವೊಂದರ ಸಂಗತಿಯನ್ನು ಇಂದು ವಾಚಕರ ಮುಂದಿಡಬೇಕೆಂದಿದ್ದೇವೆ. ಅದರ ಒಡೆಯರು ಉಡುಪಿ ಕಡೆಯವರು; ಗುರುಗ್ರಾಮದ ಒಂದು ಉಪಾಹಾರ ಗೃಹದಲ್ಲಿ ಮಾಣಿಯಾಗಿ ಸೇರಿ, ಈಗ ಗಲ್ಲೆಯ ಮೇಲೆ ಕೂರುವವರೆಗೆ ಬಂದವರು. ಹದಿನಾರು ವರ್ಷಗಳ ಉಳಿತಾಯದಲ್ಲಿ ಒಂದು ಪಾಲನ್ನು ತೆಗೆದು, ೨೦೧೭ರ ತಯಾರಿಕೆಯ ಡೀಸೆಲ್ ಕಾರೊಂದನ್ನು ಎರಡನೆಯ ಕೈಯಲ್ಲಿ ಕೊಂಡಿದ್ದರು. ೨೦೨೫ರ ಮೇ ತಿಂಗಳಲ್ಲಿ ತಂಗಿಯ ಮದುವೆ. ಹೆಂಡತಿ ಮಕ್ಕಳನ್ನೂ, ಮದುವೆಯ ಸಾಮಾನುಗಳನ್ನೂ ಹಾಕಿಕೊಂಡು, ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಸ್ವಂತ ಕಾರಿನಲ್ಲಿ ಕ್ರಮಿಸಿ, ಮನೆಯಂಗಳದಲ್ಲಿ ಇಳಿಯಬೇಕೆಂಬುದು ಅವರ ಆಸೆ. ಅದು ಅತಿಯಾಸೆಯೆಂದು ನಮಗೇನೂ ತೋರಲಿಲ್ಲ.

ಏಪ್ರಿಲಿನ ಮೊದಲ ಭಾನುವಾರ ಅವರು ನಮ್ಮನ್ನು ಸೋಹನಾ ಕಡೆಗೆ ಕರೆದುಕೊಂಡು ಹೋದರು. ಬಿಸಿನೀರಿನ ಬುಗ್ಗೆಗೆ ಹೆಸರಾದ ಊರದು. ಅರಾವಳಿಯ ಏರು ಅಲ್ಲಿ ಸ್ವಲ್ಪ ಕಾಣಸಿಗುತ್ತದೆ. ನಗರ ದಾಟುವಾಗಲೇ ಎಂಜಿನ್ನಿನೊಳಗಿಂದ ಒಂದು ಸಣ್ಣ ಸಿಳ್ಳು ಕೇಳಿಬರುತ್ತಿತ್ತು. ಏರಿನಲ್ಲಿ ಆ ಸಿಳ್ಳು ಕಾರ್ಖಾನೆಯ ಭೋಂಗಾದ ಹಾಗೆ ದೊಡ್ಡದಾಯಿತು. ಗಾಡಿ ಒಮ್ಮೆಲೆ ಸೋತಿತು. ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. “ಎಂತ ಮಾಡುದು ಮಾರಾಯ್ರೆ! ಕಾಲು ಕೆಳಗೆ ಹೋದದ್ದೇ ಹೋದದ್ದು, ಗಾಡಿ ಮಾತ್ರ ಹೋಗುದಿಲ್ಲ” ಎನ್ನುತ್ತ ಅವರು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರು. ಹಿಂದುಗಡೆ ನೋಡಿದರೆ, ನೀಲಿ ಹೊಗೆಯ ಮರೆಯಲ್ಲಿ ಬರುವ ವಾಹನಗಳೇ ಕಾಣುತ್ತಿರಲಿಲ್ಲ. “ಕಾಲು ತೆಗೆಯಿರಿ, ಬದಿಗೆ ಹಾಕಿ” ಎಂದು ನಾವು ಕೂಗಿಕೊಂಡೆವು. ಬದಿಗೆ ಹಾಕಿ ಕೀಲಿ ತಿರುಗಿಸಿದಾಗ ಎಂಜಿನ್ನು ನಿಂತಿತು. ನಿಂತದ್ದು ನಮ್ಮ ಪುಣ್ಯವೆಂಬುದು ಆಮೇಲೆ ತಿಳಿಯಿತು.

ಕೆಟ್ಟದ್ದು ಟರ್ಬೋಚಾರ್ಜರ್, ಜನರ ಬಾಯಲ್ಲಿ ಟರ್ಬೊ. ಅಡಿಗೆಮನೆ ಬಲ್ಲವರಿಗೆ ಇದರ ಮರ್ಮವನ್ನು ತಿಳಿಸುವುದು ಕಷ್ಟವಲ್ಲ. ಭಟ್ಟಿಯಲ್ಲಿ ಎಷ್ಟು ಇದ್ದಲು ಸುರಿದರೂ ಗಾಳಿಯೂದದೆ ಉರಿ ಏಳುವುದಿಲ್ಲ. ಎಂಜಿನ್ನಿಗೂ ಅದೇ ನಿಯಮ; ಎಣ್ಣೆ ಎಷ್ಟು ಕೊಟ್ಟರೂ ಅದನ್ನು ಉರಿಸಲು ತಕ್ಕಷ್ಟು ಗಾಳಿ ಬೇಕು. ಈಗ, ಭಟ್ಟಿಯ ಹೊಗೆಗೂಡಿನಲ್ಲಿ ಒಂದು ಚಕ್ರವನ್ನಿಟ್ಟು, ಹೊರಹೋಗುವ ಹೊಗೆಯ ರಭಸದಿಂದ ಅದನ್ನು ತಿರುಗಿಸಿ, ಅದೇ ಸರಳಿನ ಇನ್ನೊಂದು ತುದಿಯ ಚಕ್ರದಿಂದ ಭಟ್ಟಿಗೆ ಗಾಳಿಯೂದಿದರೆ ಹೇಗೆ? ತಿದಿಯೊತ್ತುವ ಆಳು ಬೇಡ, ವ್ಯರ್ಥವಾಗುವ ಹೊಗೆಯೇ ದುಡಿಯುತ್ತದೆ. ಟರ್ಬೊ ಎಂದರೆ ಇಷ್ಟೇ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರರು ಈ ಯುಕ್ತಿಗೆ ೧೯೦೫ರಲ್ಲಿಯೇ ಹಕ್ಕುಪತ್ರ ಕೋರಿದ್ದರು. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವರು ವಿಮಾನದ ಎಂಜಿನ್ನೊಂದನ್ನು ೧೪ ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಎಂಬ ಬೆಟ್ಟದ ನೆತ್ತಿಗೆ ಸಾಗಿಸಿ, ಗಾಳಿ ತೆಳುವಾಗಿರುವ ಅಲ್ಲಿಯೂ ಟರ್ಬೊವಿನ ಬಲದಿಂದ ಅದು ಸೊರಗದೆ ನಡೆಯುವುದನ್ನು ತೋರಿಸಿಕೊಟ್ಟರು. ಮಾರಾಟದ ಕಾರುಗಳಿಗೆ ಇದು ಬಂದದ್ದು ೧೯೬೨ರಲ್ಲಿ, ಅಮೆರಿಕದಲ್ಲಿ.

ಗುರುಗ್ರಾಮಕ್ಕೂ ಮೋಟಾರಿಗೂ ಇರುವ ನಂಟನ್ನು ಬೇರೆ ಹೇಳಬೇಕಾಗಿಲ್ಲ. ಊರು ಇನ್ನೂ ಗುಡಗಾಂವ್ ಎನ್ನಿಸಿಕೊಂಡಿದ್ದ ೧೯೮೩ರ ಡಿಸೆಂಬರಿನಲ್ಲಿ ಇಲ್ಲಿಯ ಕಾರ್ಖಾನೆಯಿಂದ ಮೊದಲ ಮಾರುತಿ ಕಾರು ಹೊರಬಿತ್ತು. ಆ ಪುಟ್ಟ ೭೯೬ ಸಿ.ಸಿ. ಎಂಜಿನ್ನಿಗೆ ಟರ್ಬೊವಿನ ಗೊಡವೆ ಇರಲಿಲ್ಲ. ಮುಂದೆ ಮಾನೇಸರದಲ್ಲಿ ಡೀಸೆಲ್ ಎಂಜಿನ್ನಿನ ಕಾರ್ಖಾನೆಯೂ ಆಗಿ, ಇಟಲಿಯ ಫಿಯಟ್ಟಿನವರ ೧೨೪೮ ಸಿ.ಸಿ. ಎಂಜಿನ್ನು ೨೦೦೭ರಲ್ಲಿ ಸ್ವಿಫ್ಟ್ ಕಾರಿಗೆ ಬಂದಿತು. ಹಲವು ಕಂಪನಿಗಳ ಕಾರುಗಳಲ್ಲಿ ಅದೇ ಎಂಜಿನ್ನು ಕುಳಿತದ್ದರಿಂದ ಅದಕ್ಕೆ ‘ದೇಶದ ರಾಷ್ಟ್ರೀಯ ಎಂಜಿನ್ನು’ ಎಂಬ ಅಡ್ಡಹೆಸರೂ ಬಿತ್ತು. ೨೦೨೦ರ ಏಪ್ರಿಲಿನಿಂದ ಮಾರುತಿಯವರು ಡೀಸೆಲನ್ನು ಕೈಬಿಟ್ಟರಾದರೂ, ಹಳೆಯ ಗಾಡಿಗಳು ಕೈಯಿಂದ ಕೈಗೆ ಸಾಗುತ್ತ ನಮ್ಮಂಥವರ ಬಳಿಗೆ ಬರುತ್ತಲೇ ಇವೆ. ಪೆಟ್ರೋಲ್ ಕಾರು ಕೊಂಡವರು ಈ ಪೀಡೆಯಿಂದ ಪಾರಾದೆವೆಂದು ತಿಳಿಯಬೇಕಾದುದಿಲ್ಲ. ಈಚಿನ ಒಂದು ಲೀಟರಿನ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಅನೇಕಕ್ಕೆ ಟರ್ಬೊ ಇದೆ. ಅದರ ಹೊಗೆಯಂತೂ ಡೀಸೆಲ್ಲಿನದಕ್ಕಿಂತ ಹೆಚ್ಚು ಬಿಸಿ.

ಎಣ್ಣೆಯೇ ಪ್ರಾಣ

ನಮ್ಮ ಚಟ್ನಿ ಅರೆಯುವ ಮಿಕ್ಸಿಯು ನಿಮಿಷಕ್ಕೆ ಸುಮಾರು ೧೮ ಸಾವಿರ ಸುತ್ತು ತಿರುಗುತ್ತದೆ. ಸಣ್ಣ ಕಾರಿನ ಟರ್ಬೊ ಒಂದೂವರೆ ಲಕ್ಷದಿಂದ ಎರಡು ಲಕ್ಷ ಸುತ್ತಿನವರೆಗೆ ತಿರುಗಬಲ್ಲದು. ಒಂದು ಕಡೆಯ ಚಕ್ರಕ್ಕೆ ಏಳೆಂಟು ನೂರು ಡಿಗ್ರಿಯ ಬೆಂಕಿಯ ಹೊಗೆ, ಇನ್ನೊಂದು ಕಡೆಯದಕ್ಕೆ ಹೊರಗಿನ ಗಾಳಿ. ಎರಡನ್ನೂ ಹಿಡಿದಿರುವುದು ಬೆರಳಿಗಿಂತ ಸಪುರವಾದ ಒಂದು ಸರಳು. ಆ ಸರಳು ಲೋಹಕ್ಕೆ ತಾಗಿ ಕುಳಿತಿರುವುದಿಲ್ಲ; ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆಯಲ್ಲಿ ತೇಲುತ್ತಿರುತ್ತದೆ. ಆ ಪೊರೆ ಕೆಲವು ಕ್ಷಣ ಹರಿದುಹೋದರೂ ಸಾಕು, ಲೋಹಕ್ಕೆ ಲೋಹ ತಾಗಿ ಉಜ್ಜುತ್ತದೆ; ಸರಳು ಓಲಾಡುತ್ತದೆ; ಚಕ್ರದ ಅಲಗುಗಳು ಗೋಡೆಗೆ ತಾಗುತ್ತವೆ. ನಾವು ಕೇಳಿದ ಭೋಂಗಾ ಹುಟ್ಟಿದ್ದು ಅಲ್ಲಿ. ಎಣ್ಣೆಯನ್ನು ತಡೆದಿರುವ ಸೀಲುಗಳು ಸವೆದಾಗ ಅದು ಒಳಗೆ ಸೋರಿ ಉರಿಯುತ್ತದೆ. ನಾವು ಕಂಡ ನೀಲಿ ಹೊಗೆ ಆ ಎಣ್ಣೆಯದು.

ಇದೆಲ್ಲ ಒಂದು ದಿನದಲ್ಲಿ ಆದುದಲ್ಲ. ವಿಚಾರಿಸುತ್ತ ಹೋದಂತೆ ನಮ್ಮ ಮಿತ್ರರು ಒಂದೊಂದಾಗಿ ಬಾಯಿಬಿಟ್ಟರು. ಇಫ್ಕೋ ಚೌಕದ ಮೇಲ್ಸೇತುವೆ ಹತ್ತುವಾಗ ಗಾಡಿ ಮೊದಲಿನಂತೆ ಎಳೆಯುವುದಿಲ್ಲವೆಂದು ಅವರಿಗೆ ಮಾರ್ಚಿನಲ್ಲಿಯೇ ತೋರಿತ್ತು. ಸಿಳ್ಳನ್ನು ಮಕ್ಕಳು ಮೊದಲು ಗುರುತಿಸಿ, “ಅಪ್ಪ, ಗಾಡಿ ಪದ ಹೇಳ್ತದೆ” ಎಂದು ನಕ್ಕಿದ್ದರು. ಒಂದು ತಿಂಗಳಲ್ಲಿ ಒಂದು ಲೀಟರ್ ಎಂಜಿನ್ ಆಯಿಲ್ ಕಡಮೆಯಾಗಿತ್ತು. ಮೇಲಿಂದ ಹೊಯ್ದು ಸುಮ್ಮನಾಗಿದ್ದರು. ಮಾರಿದವನು “ಆಯಿಲ್ ಹೊಸತು” ಎಂದು ಹೇಳಿದ್ದನ್ನು ನಂಬಿ, ಇಪ್ಪತ್ತು ಸಾವಿರ ಕಿಲೋಮೀಟರು ಅದರಲ್ಲಿಯೇ ಓಡಿಸಿದ್ದರು. ಹೋಟೆಲಿನ ಬಾಣಲೆಯ ಎಣ್ಣೆ ಕಪ್ಪಾದರೆ ಮೂಗಿನಿಂದಲೇ ಅರಿಯುವವರು, ಕಾರಿನ ಎಣ್ಣೆಯ ಮಾತಿನಲ್ಲಿ ಹೀಗೆ ಮೋಸಹೋದದ್ದು ನಮಗೆ ಸ್ವಲ್ಪ ಸೋಜಿಗವೇ.

ಆದರೆ ಸಿಳ್ಳು ಕೇಳಿದೊಡನೆ ಟರ್ಬೊ ಸತ್ತಿತೆಂದು ಎದೆ ಬಡಿದುಕೊಳ್ಳಲೂ ಕಾರಣವಿಲ್ಲ. ಟರ್ಬೊವಿನಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರಿನ ಕೊಳವೆ ಸೀಳಿದರೂ, ಅದರ ಪಟ್ಟಿ ಸಡಿಲಿದರೂ ಇಂಥದೇ ಸದ್ದು, ಇಂಥದೇ ನಿತ್ರಾಣ. ಆಗ ಹೊಗೆಯು ಕಪ್ಪಗಿರುತ್ತದೆ, ಏಕೆಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗದೆ ಅರೆಬರೆ ಉರಿಯುತ್ತದೆ. ಗಾಳಿ ಸೋಸುವ ಫಿಲ್ಟರು ಕಟ್ಟಿಕೊಂಡರೂ ಹೀಗಾಗುವುದುಂಟು. ಗುರುಗ್ರಾಮದ ಬೇಸಿಗೆಯ ಧೂಳನ್ನೂ, ಎಂದೂ ಮುಗಿಯದ ಕಟ್ಟಡಗಳ ಕೆಲಸವನ್ನೂ ಬಲ್ಲವರಿಗೆ ಆ ಫಿಲ್ಟರಿನ ಗತಿಯನ್ನು ವರ್ಣಿಸಬೇಕಾಗಿಲ್ಲ. ಧೂಳು ಅದನ್ನು ದಾಟಿ ಒಳಹೊಕ್ಕರೆ ಚಕ್ರದ ಅಲಗುಗಳನ್ನೇ ಕೆರೆದುಹಾಕುತ್ತದೆ. ಕೆಲವು ಕಾರುಗಳ ಟರ್ಬೊವಿನಲ್ಲಿ ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಸಣ್ಣ ರೆಕ್ಕೆಗಳಿರುತ್ತವೆ. ದಿನವೂ ನಾಲ್ಕು ಮೈಲಿ ತೆವಳುವ ಗಾಡಿಯಲ್ಲಿ ಅವು ಮಸಿಗಟ್ಟಿ ಸಿಕ್ಕಿಕೊಳ್ಳುತ್ತವೆ. ಜನವರಿಯ ಮುಂಜಾನೆ ಹೊಗೆಕೊಳವೆಯಿಂದ ಬರುವ ಬಿಳಿಯ ಉಗಿಯಂತೂ ಬರಿಯ ನೀರಾವಿ. ಎಂಜಿನ್ನು ಕಾದ ಬಳಿಕವೂ ಅದು ನಿಲ್ಲದಿದ್ದರೆ ಮಾತ್ರ ಚಿಂತಿಸತಕ್ಕದ್ದು. ನೀಲಿ ಹೊಗೆಯು ಎಣ್ಣೆಯದೆಂಬುದು ನಿಜವಾದರೂ, ಪಿಸ್ಟನ್ನಿನ ರಿಂಗುಗಳು ಸವೆದರೂ ಅದು ಬರುವುದುಂಟು.

ಪರೀಕ್ಷೆ ಸುಲಭ. ಎಂಜಿನ್ನು ಪೂರ್ತಿ ತಣಿದ ಮೇಲೆ ಟರ್ಬೊವಿನ ಗಾಳಿಯ ಬದಿಯ ಕೊಳವೆ ಬಿಚ್ಚಿದರೆ ಚಕ್ರದ ಮೂಗು ಕೈಗೆ ಸಿಗುತ್ತದೆ. ಅದನ್ನು ಪಕ್ಕಕ್ಕೆ ಅಲುಗಿಸಿದರೆ ಎಳ್ಳಷ್ಟು ಆಡುವುದು ಸಹಜ. ಹಿಂದೆ ಮುಂದೆ ಎಳೆದರೆ ಆಡಬಾರದು. ಅಲಗುಗಳು ಗೋಡೆಗೆ ತಾಗಿದ ಗೀರಾಗಲಿ, ಮುಕ್ಕಾಗಲಿ ಇರಬಾರದು. ಕೊಳವೆಯೊಳಗೆ ಎಣ್ಣೆಯ ತೆಳು ಲೇಪವಿದ್ದರೆ ಹೆದರಬೇಕಿಲ್ಲ. ಎಣ್ಣೆ ನಿಂತಿದ್ದರೆ ಹೆದರಬೇಕು. ಗ್ಯಾರೇಜಿನವರು ಇದನ್ನು ನಮ್ಮ ಕಣ್ಣೆದುರಿಗೆ ಮಾಡಿ ತೋರಿಸಲೆಂದು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಎರಡು ಸಲ ತೆತ್ತ ದಂಡ

ನಮ್ಮ ಮಿತ್ರರು ಕೇಳಲಿಲ್ಲ. ಗಾಡಿಯನ್ನು ಎಳೆಸಿಕೊಂಡು ಹೋದ ಗ್ಯಾರೇಜಿನಲ್ಲಿ, “ಟರ್ಬೊ ಹೋಗಿದೆ, ಒಳಗಿನ ಭಾಗ ಬದಲಿಸುತ್ತೇವೆ” ಎಂದು ಹೇಳಿ ೧೪ ಸಾವಿರ ರೂಪಾಯಿ ಪಡೆದು, ಎರಡು ದಿನಗಳಲ್ಲಿ ಗಾಡಿ ಕೊಟ್ಟರು. ಹಳೆಯ ಭಾಗವನ್ನು ಕೊಡಲಿಲ್ಲ. ಬಿಲ್ಲಿನ ಬದಲಿಗೆ ಒಂದು ಚೀಟಿ ಕೊಟ್ಟರು. ಒಂಬತ್ತು ದಿನ, ನಾನೂರು ಕಿಲೋಮೀಟರು; ಮತ್ತೆ ಅದೇ ಸಿಳ್ಳು. ಆ ರಾತ್ರಿ ಅವರು ನಮ್ಮ ಕೋಣೆಗೆ ಬಂದು ಬಹಳ ಹೊತ್ತು ಮಾತಾಡದೆ ಕುಳಿತಿದ್ದರು. ಮದುವೆಗೆ ಇಪ್ಪತ್ತಮೂರು ದಿನ ಉಳಿದಿತ್ತು. ತಂಗಿಯ ಬಳೆಗೆಂದು ತೆಗೆದಿಟ್ಟ ಹಣದಿಂದ ೧೪ ಸಾವಿರ ಹೋಗಿದೆಯೆಂಬುದನ್ನು ಹೆಂಡತಿಗೆ ಅವರಿನ್ನೂ ಹೇಳಿರಲಿಲ್ಲ.

ಮರುದಿನ ಹಳೆಯ ಗುಡಗಾಂವಿನ ಗಲ್ಲಿಯೊಂದರಲ್ಲಿ, ನಮ್ಮ ಹೋಟೆಲಿಗೆ ಚಹಾಕ್ಕೆ ಬರುವ ವಯಸ್ಸಾದ ಮಿಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ಟರ್ಬೊವನ್ನು ಮುಟ್ಟುವ ಮೊದಲು ಅದಕ್ಕೆ ಎಣ್ಣೆ ತರುವ ಸಪುರ ಕೊಳವೆಯನ್ನು ಬಿಚ್ಚಿ ನಮ್ಮ ಅಂಗೈಯಲ್ಲಿಟ್ಟರು. “ಬಾಬೂಜಿ, ಇದರಲ್ಲಿ ಉಸಿರು ಊದಿ ನೋಡಿ” ಎಂದರು. ಊದಿದರೆ ಗಾಳಿ ಹೋಗಲಿಲ್ಲ. ಹಳೆಯ ಎಣ್ಣೆಯು ಸೀದು, ದೋಸೆಯ ಕಾವಲಿಯ ಅಂಚಿನ ಕರಿಕಿನಂತೆ ಕೊಳವೆಯೊಳಗೆ ಗಟ್ಟಿಯಾಗಿ ಹತ್ತಿಕೊಂಡಿತ್ತು. ಕೆಳಗಿನ ಎಣ್ಣೆಯ ತಟ್ಟೆಯಲ್ಲಿರುವ ಜಾಲರಿಯೂ ಕೆಸರುಗಟ್ಟಿತ್ತು. ಮೊದಲಿನವರು ಇದಾವುದನ್ನೂ ನೋಡದೆ ಹೊಸ ಭಾಗವನ್ನು ಹಳೆಯ ರೋಗದ ಬಾಯಿಗೆ ಕೊಟ್ಟಿದ್ದರು. ಎಣ್ಣೆ ಸಿಗದೆ ಅದೂ ಒಣಗಿ ಸತ್ತಿತು. “ಟರ್ಬೊ ತಾನಾಗಿ ಸಾಯುವುದು ಅಪರೂಪ. ಕೊಂದದ್ದು ಏನೆಂದು ಕಂಡುಹಿಡಿಯದೆ ಹೊಸತನ್ನು ಕೂರಿಸುವುದು ಪಾಪ” ಎಂದು ಆ ಮುದುಕರು ಗೊಣಗಿದರು.

ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ; ಗ್ಯಾರೇಜಿನಲ್ಲಿ ಏನನ್ನು ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ. ಎಣ್ಣೆಯ ಕೊಳವೆಯನ್ನು ತೊಳೆಯುವ ಗೋಜಿಗೆ ಹೋಗದೆ ಹೊಸತನ್ನೇ ಹಾಕಿದರು. ಟರ್ಬೊವಿನಿಂದ ಎಣ್ಣೆ ಕೆಳಗಿಳಿಯುವ ದಾರಿಯೂ ತೆರವಾಗಿದೆಯೇ ಎಂದು ನೋಡಿದರು. ತಟ್ಟೆಯನ್ನು ಇಳಿಸಿ ಜಾಲರಿ ತೊಳೆದರು. ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ಬಿಚ್ಚಿ ಬೋರಲು ಹಾಕಿದಾಗ ಅದರಿಂದ ಲೋಟ ತುಂಬ ಎಣ್ಣೆ ಬಿತ್ತು. ಹೊಸ ಎಣ್ಣೆ, ಎಣ್ಣೆಯ ಫಿಲ್ಟರು, ಗಾಳಿಯ ಫಿಲ್ಟರು ಮೂರನ್ನೂ ಹಾಕಿದರು. ಟರ್ಬೊ ಕೂರಿಸಿದ ಮೇಲೆ ಅದರ ಬಾಯಿಗೆ ಎಣ್ಣೆ ಹನಿಸಿ, ಚಕ್ರವನ್ನು ಬೆರಳಿನಿಂದ ತಿರುಗಿಸಿ, ಎಂಜಿನ್ನು ಹೊತ್ತಿಸದೆ ಕೆಲವು ಸಲ ಉರುಳಿಸಿ, ಆಮೇಲೆ ಹೊತ್ತಿಸಿದರು. ಕೆಲವು ನಿಮಿಷ ಯಾರೂ ಆಕ್ಸಿಲರೇಟರ್ ಮುಟ್ಟಕೂಡದೆಂದು ನಮ್ಮ ಮಿತ್ರರ ಕೈಯನ್ನೇ ಹಿಡಿದುಕೊಂಡಿದ್ದರು.

ಇಂಟರ್‌ಕೂಲರಿನಿಂದ ಎಣ್ಣೆ ಸುರಿಯುವಾಗ ಅವರು ಹೇಳಿದ ಮಾತು ನಮ್ಮ ಬೆನ್ನಿನಲ್ಲಿ ಚಳಿ ಹುಟ್ಟಿಸಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಉರಿಯತಕ್ಕದ್ದು ಏನು ಸಿಕ್ಕಿದರೂ ಅದು ನಡೆಯುತ್ತದೆ. ಸೋರಿದ ಎಣ್ಣೆಯನ್ನು ಒಮ್ಮೆಲೆ ಕುಡಿದರೆ, ಕೀಲಿ ತೆಗೆದರೂ ನಿಲ್ಲದೆ, ಕಾಲು ಒತ್ತದಿದ್ದರೂ ಕೂಗುತ್ತ, ತಾನು ಒಡೆಯುವವರೆಗೆ ಓಡುತ್ತದೆ. ಸೋಹನಾದ ಏರಿನಲ್ಲಿ ನಮಗೆ ಆಗದೆ ಉಳಿದದ್ದು ಇದು. ಹಾಗಾದರೆ, ಕೈಗೇರಿನ ಗಾಡಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಬಿಟ್ಟರೆ ಎಂಜಿನ್ನು ಕಟ್ಟಿ ನಿಲ್ಲುತ್ತದೆ. ಈ ಉಪಾಯ ಆಟೊಮ್ಯಾಟಿಕ್ ಗಾಡಿಯಲ್ಲಿ ನಡೆಯದು. ಎರಡರಲ್ಲಿಯೂ, ನಿಲ್ಲದಿದ್ದರೆ ಎಲ್ಲರನ್ನೂ ಇಳಿಸಿ ದೂರ ಸರಿಯುವುದೊಂದೇ ಮಾರ್ಗ. ಬಾನೆಟ್ಟು ತೆಗೆದು ಗಾಳಿಯ ಬಾಯಿಗೆ ಕೈಯನ್ನೋ ಬಟ್ಟೆಯನ್ನೋ ಒಡ್ಡಲು ಹೋಗಲೇಬಾರದು. ಆ ಸೆಳೆತ ಬೆರಳನ್ನು ಬಿಡುವುದಿಲ್ಲ.

ದಾರಿಯಲ್ಲಿ ಟರ್ಬೊ ಕೆಟ್ಟ ಸುಳಿವು ಸಿಕ್ಕಿದರೆ ಮಾಡತಕ್ಕದ್ದು ಒತ್ತುವುದಲ್ಲ, ಕಾಲೆತ್ತುವುದು. ನಾಲ್ಕೂ ಮೂಲೆಯ ದೀಪಗಳನ್ನು ಮಿನುಗಿಸುತ್ತ ಎಡಕ್ಕೆ ಸರಿದು, ಗಾಡಿ ಪೂರ್ತಿ ನಿಂತ ಮೇಲೆಯೇ ಎಂಜಿನ್ನು ಆರಿಸಬೇಕು. ಓಡುವಾಗಲೇ ಆರಿಸಿದರೆ ಬ್ರೇಕೂ ಚುಕ್ಕಾಣಿಯೂ ಬಿಗಿಯಾಗುತ್ತವೆ. ಕೀಲಿ ಹಿರಿದರೆ ಚುಕ್ಕಾಣಿಗೆ ಬೀಗವೇ ಬಿದ್ದೀತು. ಬಿಸಿ ಕೊಳವೆಯ ಮೇಲೆ ಎಣ್ಣೆ ಸೋರಿ ಬೆಂಕಿ ಹತ್ತುವುದೂ ಉಂಟಾದ್ದರಿಂದ ಒಳಗೆ ಕುಳಿತಿರದೆ ಇಳಿದು, ತಡೆಗೋಡೆಯ ಆಚೆಗೆ ನಿಲ್ಲುವುದು ಲೇಸು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ೧೦೩೩ ಸಂಖ್ಯೆಗೆ ಕರೆಮಾಡಿದರೆ ನೆರವು ಬರುತ್ತದೆ. ಸದ್ದಿಲ್ಲದೆ, ಹೊಗೆಯಿಲ್ಲದೆ, ಎಣ್ಣೆಯ ಮಟ್ಟ ಸರಿಯಾಗಿದ್ದು, ಬರಿಯ ಶಕ್ತಿ ಕುಂದಿದ್ದರೆ ನಿಧಾನವಾಗಿ ಹತ್ತಿರದ ಗ್ಯಾರೇಜು ಸೇರಬಹುದು. ಎಣ್ಣೆಯ ಕೆಂಪು ದೀಪ ಹೊತ್ತಿದ್ದರೆ ಒಂದು ಮಾರು ದೂರವೂ ಓಡಿಸತಕ್ಕದ್ದಲ್ಲ.

ಹೊಸ ಟರ್ಬೊವಿಗೆ ೩೨ ಸಾವಿರ, ಇತರ ಸಾಮಾನು ಕೂಲಿಗಳಿಗೆ ೧೧ ಸಾವಿರವೆಂದು ಮಿಸ್ತ್ರಿ ಮೊದಲೇ ಹೇಳಿದ್ದರು. ಇಲ್ಲಿ ಇನ್ನೊಂದು ತೊಡಕು ಎದುರಾಯಿತು. ಹತ್ತು ವರ್ಷ ತುಂಬಿದ ಡೀಸೆಲ್ ಗಾಡಿ ದಿಲ್ಲಿಯ ಈ ಸೀಮೆಯಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿಯು ೨೦೧೫ರಲ್ಲಿ ವಿಧಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಎತ್ತಿಹಿಡಿದಿತ್ತು. ಲೆಕ್ಕದಂತೆ ೨೦೧೭ರ ಗಾಡಿಗೆ ಉಳಿದದ್ದು ಎರಡು ವರ್ಷ. ಚಳಿಗಾಲದಲ್ಲಿ ಗಾಳಿ ತೀರ ಕೆಟ್ಟಾಗ ಬಿ.ಎಸ್. ೪ ದರ್ಜೆಯ ಡೀಸೆಲ್ ಕಾರುಗಳನ್ನು ದಿಲ್ಲಿ, ಗುರುಗ್ರಾಮಗಳಲ್ಲಿ ತಡೆಯುವುದು ಬೇರೆ. ಎರಡು ವರ್ಷದ ಆಯುಸ್ಸಿಗೆ ೪೩ ಸಾವಿರವೇ? ಹಾಗೆಯೇ ಮಾರಿದರೆ ಗುಜರಿಯವರು ಕೊಡುವ ಬೆಲೆ ಕೇಳಲು ಮನಸ್ಸು ಬಾರದಂಥದು. ನಾವು ರಾತ್ರಿ ಹೋಟೆಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೂಡಿಸಿ ಕಳೆದು ನೋಡಿದೆವು. ದುರಸ್ತಿ ಮಾಡಿಸುವುದೇ ಮೇಲೆಂದು ನಾವೆಂದೆವು. ಓಡುವ ಗಾಡಿಗೆ ಬೇರೆ ರಾಜ್ಯದಲ್ಲಾದರೂ ಕೊಳ್ಳುವವರು ಸಿಗುತ್ತಾರೆ. ಮುಂದೆ ಅದೇ ೨೦೨೫ರ ಆಗಸ್ಟಿನಲ್ಲಿ ನ್ಯಾಯಾಲಯವು ಹಳೆಯ ಗಾಡಿಗಳ ಒಡೆಯರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿ.ಎಸ್. ೪ ಮತ್ತು ಅದಕ್ಕೂ ಈಚಿನ ಗಾಡಿಗಳಿಗೆ ಮಾತ್ರ ಉಳಿಸಿತು. ನಮ್ಮ ಮಿತ್ರರ ಗಾಡಿ ಆ ದರ್ಜೆಯದು. ಆದರೆ ಏಪ್ರಿಲಿನ ಆ ರಾತ್ರಿ ಇದು ಯಾರಿಗೆ ಗೊತ್ತಿತ್ತು?

ಹಣದ ಮಾತು ಹೆಂಡತಿಗೆ ತಿಳಿಯಿತು. ಆಕೆ ಜಗಳವಾಡಲಿಲ್ಲವಂತೆ. “ಮೊದಲೇ ಹೇಳಿದ್ರೆ ಎಂತ ಆಗ್ತಿತ್ತು ನಿಮಗೆ?” ಎಂದಷ್ಟೇ ಕೇಳಿ, ಚೀಟಿಯ ಹಣವನ್ನು ತೆಗೆದುಕೊಟ್ಟರಂತೆ. ಮಿಸ್ತ್ರಿಯವರು ಅಚ್ಚಿನ ಬಿಲ್ಲು ಕೊಟ್ಟು, ಆರು ತಿಂಗಳ ಭರವಸೆಯನ್ನು ಅದರಲ್ಲಿಯೇ ಬರೆದು, ಹಳೆಯ ಟರ್ಬೊವನ್ನು ಕಾಗದದಲ್ಲಿ ಸುತ್ತಿ ಕೈಗಿತ್ತರು. ಅದರ ಒಂದು ಚಕ್ರದ ಅಲಗುಗಳೆಲ್ಲ ಇಲಿ ಕಡಿದ ಹಾಗಿದ್ದವು. ಎರಡು ಸೂಚನೆಗಳನ್ನೂ ಕೊಟ್ಟರು. ಬೆಳಿಗ್ಗೆ ಹೊತ್ತಿಸಿದೊಡನೆ ಒತ್ತಕೂಡದು, ಎಣ್ಣೆ ಮೇಲೇರಲು ಅರ್ಧ ನಿಮಿಷ ಬಿಡಬೇಕು. ಹೆದ್ದಾರಿಯಲ್ಲಿ ಬಿರುಸಾಗಿ ಬಂದು ಡಾಬಾದ ಮುಂದೆ ನಿಲ್ಲಿಸಿದಾಗ ಥಟ್ಟನೆ ಆರಿಸದೆ ಒಂದು ನಿಮಿಷ ಸುಮ್ಮನೆ ನಡೆಯಗೊಡಬೇಕು. ಇಲ್ಲವಾದರೆ ಕಾದ ಟರ್ಬೊವಿನಲ್ಲಿ ನಿಂತ ಎಣ್ಣೆ ಅಲ್ಲಿಯೇ ಸೀಯುತ್ತದೆ. ಆಮೇಲೆ, ಸಾವಿರ ಕಿಲೋಮೀಟರು ಇಲ್ಲಿಯೇ ಓಡಿಸಿ, ಎಣ್ಣೆ ಕಡಮೆಯಾಗುವುದೇ ಎಂದು ನೋಡದೆ ಊರಿನ ದಾರಿ ಹಿಡಿಯಬೇಡಿರೆಂದು ಖಂಡಿತವಾಗಿ ಹೇಳಿದರು.

ಸಾವಿರ ಕಿಲೋಮೀಟರಿಗೆ ದಿನಗಳಿರಲಿಲ್ಲ. ನಿಜಾಮುದ್ದೀನಿನಿಂದ ಹೊರಡುವ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ತತ್ಕಾಲ್ ಟಿಕೀಟು ಮೂರು ದೊರೆತವು. ಚಿಕ್ಕ ಮಗುವಿಗೆ ತೊಡೆಯೇ ಗತಿಯಾಯಿತು. ಮದುವೆಯ ಸಾಮಾನಿನ ಪೆಟ್ಟಿಗೆಗಳನ್ನು ನಿಲ್ದಾಣಕ್ಕೆ ಸಾಗಿಸಿದ್ದು ಅದೇ ಕಾರಿನಲ್ಲಿ, ನಡೆಸಿದವರು ನಾವು. ಸಿಳ್ಳು ಕೇಳಿಸಲಿಲ್ಲ. ಹಿಂದಿನ ಆಸನದಲ್ಲಿದ್ದ ದೊಡ್ಡ ಹುಡುಗಿಯು ಧೌಲಾ ಕುವಾ ದಾಟುವವರೆಗೂ ಕಿವಿಗೊಟ್ಟು ಕೇಳಿ, “ಈಗ ಪದ ಹೇಳುದಿಲ್ಲ ಅಪ್ಪ” ಎಂದು ಸ್ವಲ್ಪ ಬೇಸರದಿಂದಲೇ ಹೇಳಿದಳು.